ಕ್ಯಾಂಪಸ್ಸಿನ ಹಳೆಯ ಅಗ್ನಿಶಾಮಕ ಠಾಣೆಗಳನ್ನು ಕೆಡವಬೇಡಿ

ಮಾನ್ಯ ಸಂಪಾದಕರೇ,

ವಿಶ್ವವಿದ್ಯಾಲಯಗಳು ತಮ್ಮ ಪಾರಂಪರಿಕ ಕಟ್ಟಡಗಳ ಪಟ್ಟಿ ಮಾಡಲು ಕುಳಿತಾಗ ಗ್ರಂಥಾಲಯ, ಗಡಿಯಾರದ ಗೋಪುರ, ಘಟಿಕೋತ್ಸವದ ಸಭಾಂಗಣ, ಮೊದಲ ಕುಲಪತಿಗಳು ವಾಸವಿದ್ದ ಮನೆ ಇವೆಲ್ಲ ಯಾರೂ ಹೇಳದೆಯೇ ಅದರೊಳಗೆ ಸೇರಿಕೊಳ್ಳುತ್ತವೆ. ಆವರಣದ ಅಂಚಿನಲ್ಲಿ, ಉಗ್ರಾಣ ಮತ್ತು ವಾಹನ ದುರಸ್ತಿ ಶೆಡ್ಡುಗಳ ಸಾಲಿನಲ್ಲಿ ನಿಂತಿರುವ ಹಳೆಯ ಅಗ್ನಿಶಾಮಕ ಠಾಣೆಯ ಹೆಸರು ಮಾತ್ರ ಅಲ್ಲಿ ಕಾಣಿಸುವುದು ಅಪರೂಪ. ವಾಹನ ನಿಲುಗಡೆಗೆ ಜಾಗ ಸಾಲದೆ ಹೋದಾಗ, ಹೊಸ ಪ್ರಯೋಗಾಲಯಕ್ಕೆ ನಿವೇಶನ ಬೇಕಾದಾಗ ಎಲ್ಲರಿಗಿಂತ ಮೊದಲು ಕಣ್ಣು ಬೀಳುವುದೂ ಅದರ ಮೇಲೆಯೇ. ಅಗ್ನಿಶಾಮಕ ಸೇವೆಯಲ್ಲೇ ಬಾಳಿನ ಬಹುಭಾಗವನ್ನು ಕಳೆದು ನಿವೃತ್ತನಾದ ನನಗೆ ಈ ಕಡೆಗಣನೆ ಸರಿಕಾಣುವುದಿಲ್ಲ. ಹಳೆಯ ಠಾಣೆಯನ್ನು ಉಳಿಸಿಕೊಳ್ಳಬೇಕು, ಉಳಿಸಿಕೊಳ್ಳುವಾಗ ಅದು ಠಾಣೆಯಾಗಿತ್ತು ಎಂಬುದು ನೋಡಿದವರಿಗೆ ತಿಳಿಯುವಂತೆ ಉಳಿಸಿಕೊಳ್ಳಬೇಕು ಎಂದು ವಿಶ್ವವಿದ್ಯಾಲಯಗಳನ್ನು ನಡೆಸುವವರಲ್ಲಿ ತಮ್ಮ ಪತ್ರಿಕೆಯ ಮೂಲಕ ವಿನಂತಿಸಿಕೊಳ್ಳುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ವಿದ್ಯಾಸಂಸ್ಥೆಯೊಂದಕ್ಕೆ ತನ್ನದೇ ಆದ ಅಗ್ನಿಶಾಮಕ ಠಾಣೆ ಏಕೆ ಬೇಕಾಯಿತು ಎಂದು ಇಂದಿನ ವಿದ್ಯಾರ್ಥಿಗಳು ಕೇಳುವುದುಂಟು. 19ನೇ ಶತಮಾನದ ವಿಶ್ವವಿದ್ಯಾಲಯವನ್ನು ಒಮ್ಮೆ ಮನಸ್ಸಿನಲ್ಲಿ ಕಟ್ಟಿಕೊಂಡರೆ ಉತ್ತರ ಸಿಗುತ್ತದೆ. ಮರದ ತೊಲೆ, ಮರದ ನೆಲ, ಮರದ ಮೆಟ್ಟಿಲು. ಬೆಳಕಿಗೆ ಎಣ್ಣೆ ದೀಪ ಇಲ್ಲವೇ ಅನಿಲ ದೀಪ. ಚಳಿಗೆ ಕೋಣೆ ಕೋಣೆಯಲ್ಲೂ ಒಲೆ. ರಸಾಯನಶಾಸ್ತ್ರದ ಕೊಠಡಿಯಲ್ಲಿ ಈಥರ್, ಆಲ್ಕೊಹಾಲ್. ಅದೇ ಸೂರಿನಡಿ ಸಾವಿರಾರು ಪುಸ್ತಕ, ಮೇಲಿನ ಅಂತಸ್ತಿನಲ್ಲಿ ಮಲಗಿರುವ ಹುಡುಗರು. ಇದರ ಮೇಲೆ, ಓದಿಗೆ ನೆಮ್ಮದಿ ಇರಲೆಂದು ಎಷ್ಟೋ ಸಂಸ್ಥೆಗಳನ್ನು ಊರಿನಿಂದ ದೂರದಲ್ಲಿಯೇ ಕಟ್ಟಿದ್ದರು. ಊರಿನ ಠಾಣೆಗೆ ಸುದ್ದಿ ಮುಟ್ಟಿ, ಕುದುರೆ ಹೂಡಿ, ಬಂಡಿ ಹೊರಟು, ಏರು ಹತ್ತಿ ಬರುವಷ್ಟರಲ್ಲಿ ಛಾವಣಿ ಕುಸಿದಿರುತ್ತಿತ್ತು.

ಅಮೆರಿಕದ ಇಂಡಿಯಾನಾ ರಾಜ್ಯದ ನೋಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ 1879ರ ಏಪ್ರಿಲ್ 23ರಂದು ಆದದ್ದು ಇದೇ. ತರಗತಿ, ವಸತಿ, ಗ್ರಂಥಾಲಯ ಎಲ್ಲವನ್ನೂ ಒಂದೇ ಸೂರಿನಡಿ ಇಟ್ಟುಕೊಂಡಿದ್ದ ಮುಖ್ಯ ಕಟ್ಟಡ ಕೆಲವೇ ಗಂಟೆಗಳಲ್ಲಿ ಸುಟ್ಟು ಹೋಯಿತು. ಅದೇ ವರ್ಷ ಮತ್ತೆ ಕಟ್ಟಿದ ಕಟ್ಟಡ, ನಂತರ ಅದರ ಮೇಲೆ ಬಂದ ಹೊನ್ನಿನ ಗುಮ್ಮಟ ಇವು ಇಂದು ಜಗತ್ತಿಗೆಲ್ಲ ಪರಿಚಿತ. ಆ ವಿಶ್ವವಿದ್ಯಾಲಯದ ಸ್ವಂತ ಅಗ್ನಿಶಾಮಕ ದಳ ತನ್ನ ಹುಟ್ಟನ್ನು ಅದೇ 1879ರಿಂದ ಎಣಿಸುತ್ತದೆ ಎಂಬುದು ಅಷ್ಟು ಜನರಿಗೆ ಗೊತ್ತಿಲ್ಲ. ಅದೇ ರಾಜ್ಯದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ 1894ರ ಜನವರಿಯಲ್ಲಿ ಎಂಜಿನಿಯರಿಂಗ್ ವಿಭಾಗದ ಹೆವಿಲಾನ್ ಹಾಲ್ ಉದ್ಘಾಟನೆಯಾದ ನಾಲ್ಕೇ ದಿನಕ್ಕೆ ಬೆಂಕಿಗೆ ಆಹುತಿಯಾಯಿತು. ಹಿಂದಿಗಿಂತ ಒಂದು ಇಟ್ಟಿಗೆಯಷ್ಟಾದರೂ ಎತ್ತರವಾಗಿ ಮತ್ತೆ ಕಟ್ಟುತ್ತೇವೆಂದು ಆಗಿನ ಅಧ್ಯಕ್ಷ ಜೇಮ್ಸ್ ಸ್ಮಾರ್ಟ್ ಅವರು ಹೇಳಿದ ಮಾತನ್ನು ಆ ಸಂಸ್ಥೆ ಇಂದಿಗೂ ಅಭಿಮಾನದಿಂದ ನೆನೆಯುತ್ತದೆ.

ವರ್ಜೀನಿಯಾ ವಿಶ್ವವಿದ್ಯಾಲಯದ ಪ್ರಸಂಗವನ್ನು ನಾನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಕ್ಯಾಂಪಸ್ ಠಾಣೆಯ ಅಗತ್ಯವನ್ನು ಅದಕ್ಕಿಂತ ಚೆನ್ನಾಗಿ ತೋರಿಸುವ ಘಟನೆ ನನಗೆ ತಿಳಿದಿಲ್ಲ. ಅಮೆರಿಕದ ಅಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್ ಸ್ವತಃ ರೂಪಿಸಿದ ರೊಟಂಡಾ ಎಂಬ ಗುಮ್ಮಟದ ಕಟ್ಟಡ ಅಲ್ಲಿನ ಗ್ರಂಥಾಲಯವಾಗಿತ್ತು. ಅದಕ್ಕೆ ನಂತರದ ದಿನಗಳಲ್ಲಿ ಅಂಟಿಸಿಕೊಂಡಂತೆ ಒಂದು ದೊಡ್ಡ ಅನೆಕ್ಸ್ ಕಟ್ಟಿದ್ದರು. 1895ರ ಅಕ್ಟೋಬರ್ 27ರ ಭಾನುವಾರ ಬೆಳಿಗ್ಗೆ ಬೆಂಕಿ ಕಾಣಿಸಿಕೊಂಡದ್ದು ಆ ಅನೆಕ್ಸ್‌ನಲ್ಲಿ. ಹೋಸ್ ಎಳೆದು ತಂದರೂ ಬೆಂಕಿಯ ಎತ್ತರಕ್ಕೆ ನೀರು ಏರಿಸುವಷ್ಟು ಒತ್ತಡ ಇರಲಿಲ್ಲ. ಎರಡೂ ಕಟ್ಟಡಗಳ ನಡುವಿನ ಕೊಂಡಿಯನ್ನಾದರೂ ಮುರಿಯೋಣವೆಂದು ಪ್ರಾಧ್ಯಾಪಕರೊಬ್ಬರು ಡೈನಮೈಟ್ ಸಿಡಿಸಿದರು; ಬೆಂಕಿ ನಿಲ್ಲಲಿಲ್ಲ, ರೊಟಂಡಾದ ಒಳಕ್ಕೇ ನುಗ್ಗಿತು. ಅಷ್ಟರಲ್ಲಿ ವಿದ್ಯಾರ್ಥಿಗಳು ಕೈಗೆ ಸಿಕ್ಕಷ್ಟು ಪುಸ್ತಕಗಳನ್ನು ಹೊರಕ್ಕೆ ಸಾಗಿಸಿದರು, ಜೆಫರ್ಸನ್ ಅವರ ಅಮೃತಶಿಲೆಯ ಪ್ರತಿಮೆಯನ್ನು ಹಾಸಿಗೆಯ ಮೇಲೆ ಉರುಳಿಸಿ ಎಳೆದು ತಂದರು. ಕೊನೆಗೆ ಉಳಿದದ್ದು ಇಟ್ಟಿಗೆಯ ಗೋಡೆಗಳು ಮಾತ್ರ. ಗ್ರಂಥಾಲಯದ ಹೆಚ್ಚಿನ ಪುಸ್ತಕಗಳು ಹೋದವು.

ನಮ್ಮ ವೃತ್ತಿಯವರು ಈ ಕಥೆ ಕೇಳಿದಾಗ ಆ ಹುಡುಗರ ಧೈರ್ಯಕ್ಕೆ ತಲೆಬಾಗುತ್ತೇವೆ, ಜೊತೆಗೆ ಹೊಟ್ಟೆಯಲ್ಲಿ ಸಂಕಟವೂ ಆಗುತ್ತದೆ. ಅಲ್ಲಿ ಕೈಗಳಿಗೆ ಕೊರತೆ ಇರಲಿಲ್ಲ, ಮನಸ್ಸಿಗೂ ಇರಲಿಲ್ಲ. ಇಲ್ಲದೆ ಹೋದದ್ದು ಒತ್ತಡವಿರುವ ನೀರು, ದಿನವೂ ಡ್ರಿಲ್ ಮಾಡಿದ ತಂಡ, ಯಾವ ಬಾಗಿಲು ಮುಚ್ಚಬೇಕು, ಯಾವ ಛಾವಣಿ ಕತ್ತರಿಸಬೇಕು ಎಂದು ಮೊದಲೇ ನೋಡಿಟ್ಟ ಕಣ್ಣು. ಇಂಥ ಪೆಟ್ಟುಗಳನ್ನು ತಿಂದ ಮೇಲೆ, ಇಲ್ಲವೇ ನೆರೆಯ ಸಂಸ್ಥೆ ತಿಂದದ್ದನ್ನು ನೋಡಿದ ಮೇಲೆ, ಆವರಣದೊಳಗೇ ನೀರಿನ ತೊಟ್ಟಿ, ಹೋಸ್ ಜೋಡಿಸಿ ನೀರು ಪಡೆಯುವ ಹೈಡ್ರಂಟ್, ನೀರು ಪಂಪು ಮಾಡುವ ಒಂದು ಎಂಜಿನ್, ಅದನ್ನು ಇಡಲೊಂದು ಠಾಣೆ ಎಂದು ವ್ಯವಸ್ಥೆಗಳು ಬಂದವು.

ಆ ಕಾಲದ ಠಾಣೆಯನ್ನು ಹತ್ತಿರದಿಂದ ನೋಡಿದವರಿಗೆ ಅದರ ಪ್ರತಿಯೊಂದು ಅಂಗಕ್ಕೂ ಒಂದು ಕೆಲಸವಿತ್ತು ಎಂಬುದು ಕಾಣುತ್ತದೆ. ಹಬೆ ಎಂಜಿನ್ ಮತ್ತು ಕುದುರೆಗಳ ಕಾಲದಲ್ಲಿ ಕಟ್ಟಿದ ಠಾಣೆಯಲ್ಲಿ ಎಂಜಿನ್ ಮುಂಬಾಗಿಲಿಗೆ ಮುಖ ಮಾಡಿ ನಿಂತಿರುತ್ತಿತ್ತು, ಅದರ ಹಿಂದೆ ಕುದುರೆ ಲಾಯ. ಕುದುರೆಯ ಕತ್ತುಪಟ್ಟಿ, ಹಗ್ಗ, ಕೊಂಡಿಗಳೆಲ್ಲ ಛಾವಣಿಯಿಂದ ಎಂಜಿನ್ನಿನ ಮುಂದೆ ತೂಗುತ್ತಿದ್ದವು. ಗಂಟೆ ಬಾರಿಸಿದೊಡನೆ ಲಾಯದ ಬಾಗಿಲು ತೆರೆದುಕೊಂಡು, ಪಳಗಿದ ಕುದುರೆಗಳು ತಾವೇ ಓಡಿ ಬಂದು ಆ ಜೋತುಬಿದ್ದ ಸಜ್ಜಿನ ಕೆಳಗೆ ನಿಲ್ಲುತ್ತಿದ್ದವು. ಸಜ್ಜು ಇಳಿದು, ಕೊಂಡಿ ಬಿದ್ದು, ಬಂಡಿ ಹೊರಡಲು ಹೆಚ್ಚು ಹೊತ್ತು ಬೇಕಿರಲಿಲ್ಲ. ಬಾಯ್ಲರಿನಲ್ಲಿ ತಣ್ಣೀರಿದ್ದರೆ ಹಬೆ ಏರುವುದು ತಡವಾಗುತ್ತದೆಂದು ನೆಲಮಾಳಿಗೆಯ ಒಲೆಯಿಂದ ಒಂದು ಕೊಳವೆ ಮೂಲಕ ಅದಕ್ಕೆ ಸದಾ ಬಿಸಿನೀರು ಹರಿಸುತ್ತಿದ್ದರು. ಎಂಜಿನ್ ಮುಂದೆ ಸರಿದಾಗ ಆ ಕೊಳವೆ ತಾನಾಗಿ ಕಳಚಿಕೊಳ್ಳುತ್ತಿತ್ತು. ಹಳೆಯ ಠಾಣೆಯ ನೆಲದಲ್ಲಿ ಇಂದಿಗೂ ಆ ಕೊಳವೆ ಬಂದ ರಂಧ್ರ, ಲಾಯದ ನೀರು ಹರಿದ ಕಾಲುವೆಯ ಗುರುತು ಸಿಗುವುದುಂಟು. ನೆಲವನ್ನು ಹೊಸ ಟೈಲ್ಸ್‌ನಿಂದ ಮುಚ್ಚಿದ ದಿನ ಈ ಎಲ್ಲ ಸಾಕ್ಷ್ಯವೂ ಮುಚ್ಚಿಹೋಗುತ್ತದೆ.

ಮೇಲಿನ ಅಂತಸ್ತು ಸಿಬ್ಬಂದಿಯ ಮಲಗುವ ಕೋಣೆ. ಅಲ್ಲಿಂದ ಕೆಳಗೆ ಜಾರಿ ಬರುವ ಕಂಬದ ಚರಿತ್ರೆ ಅಮೆರಿಕದ ಷಿಕಾಗೊ ನಗರದ್ದು. ಕಪ್ಪು ಜನಾಂಗದ ಅಗ್ನಿಶಾಮಕರೇ ಇದ್ದ 21ನೇ ಎಂಜಿನ್ ತಂಡದಲ್ಲಿ, ಕ್ಯಾಪ್ಟನ್ ಡೇವಿಡ್ ಕೆನ್ಯನ್ ಅವರ ಮುಂದಾಳತ್ವದಲ್ಲಿ, 1878ರಲ್ಲಿ ಅದನ್ನು ಮೊದಲು ನೆಟ್ಟರು. ಆರಂಭದಲ್ಲಿ ಮರದ ಕಂಬ, ಆಮೇಲೆ ಹಿತ್ತಾಳೆಯದ್ದು. ಕಾಲು ಮುರಿದುಕೊಂಡವರ, ಬೆನ್ನು ನೋಯಿಸಿಕೊಂಡವರ ಸಂಖ್ಯೆ ಹೆಚ್ಚಾದಾಗ ಹಲವು ಇಲಾಖೆಗಳು ಕಂಬವನ್ನು ಕೈಬಿಟ್ಟು ನೆಲ ಅಂತಸ್ತಿನಲ್ಲೇ ವಿಶ್ರಾಂತಿ ಕೋಣೆ ಕಟ್ಟಿದವು. ಅದು ಸರಿಯಾದ ನಿರ್ಧಾರವೇ.

ಆದರೆ ನನಗೆ ಹಳೆಯ ಠಾಣೆಯಲ್ಲಿ ಎಲ್ಲಕ್ಕಿಂತ ಪ್ರಿಯವಾದದ್ದು ಹೋಸ್ ಒಣಗಿಸುವ ಗೋಪುರ. ದೂರದಿಂದ ನೋಡಿದವರು ಅದನ್ನು ಅಲಂಕಾರವೆಂದೋ ಕಾವಲು ಗೋಪುರವೆಂದೋ ತಿಳಿಯುತ್ತಾರೆ. ಬೆಂಕಿ ಆರಿಸಿ ಠಾಣೆಗೆ ಮರಳಿದ ಮೇಲೆ ಸಿಬ್ಬಂದಿಗೆ ಅರ್ಧ ಕೆಲಸ ಬಾಕಿಯೇ ಇರುತ್ತಿತ್ತು. ಕೆಸರು, ಮಸಿ ಮೆತ್ತಿಕೊಂಡು ಒದ್ದೆಯಾದ ಕ್ಯಾನ್ವಾಸ್ ಹೋಸನ್ನು ಉದ್ದಕ್ಕೆ ಹಾಸಿ, ಬ್ರಷ್ ಹಾಕಿ ತೊಳೆದು, ನಡುಭಾಗಕ್ಕೆ ಹಗ್ಗ ಕಟ್ಟಿ ರಾಟೆಯಿಂದ ಗೋಪುರದ ತುದಿಯವರೆಗೆ ಎಳೆದು ತೂಗುಬಿಡಬೇಕು. ಒಣಗದೆ ಸುತ್ತಿಟ್ಟ ಹೋಸ್ ಒಳಗೊಳಗೇ ಬೂಸಲು ಹಿಡಿದು ಕೊಳೆಯುತ್ತದೆ. ಮುಂದಿನ ಫೈರ್ ಕಾಲ್‌ನಲ್ಲಿ ಪಂಪಿನ ಒತ್ತಡ ಬಿದ್ದೊಡನೆ ಒಡೆದು ಬಾಯಿಬಿಡುತ್ತದೆ, ಆಗ ಹೋಸಿನ ತುದಿಯ ನಳಿಗೆಯಾದ ಬ್ರಾಂಚ್ ಹಿಡಿದು ಒಳಗೆ ಹೋದವನ ಪಾಡು ದೇವರೇ ಬಲ್ಲ. ನೀರು ತುಂಬಿದ ಹೋಸಿನ ಭಾರ, ಚಳಿಗಾಲದ ಮುಂಜಾನೆ ಬೆರಳಿಗೆ ತಾಗುವ ಹಿತ್ತಾಳೆ ಕಪ್ಲಿಂಗಿನ ತಂಪು, ಗೋಪುರದ ಬುಡದಲ್ಲಿ ತೊಟ್ಟಿಕ್ಕುವ ನೀರಿನಿಂದ ಸವೆದ ಕಲ್ಲು ಇವು ಈ ಕೆಲಸ ಮಾಡಿದವರಿಗೆ ಮರೆಯುವಂಥವಲ್ಲ. ಸಂಶ್ಲೇಷಿತ ನೂಲಿನ ಹೋಸ್‌ಗಳು, ಒಣಗಿಸುವ ಯಂತ್ರಗಳು ಬಂದ ಮೇಲೆ ಗೋಪುರದ ಅಗತ್ಯ ಕಡಿಮೆಯಾಯಿತು ನಿಜ. ಹಾಗೆಂದು ಅದನ್ನು ಕಡಿದುಹಾಕಿದರೆ ಉಳಿಯುವುದು ದೊಡ್ಡ ಬಾಗಿಲಿನ ಒಂದು ಗೋದಾಮು ಮಾತ್ರ.

ಠಾಣೆಯ ಮೂಲೆಯಲ್ಲಿ, ಬೆಂಕಿಯ ಕರೆ ಬಂದು ಮುಟ್ಟುವ ವಾಚ್ ರೂಮ್ ಎಂಬ ಪುಟ್ಟ ಕೋಣೆಯೊಂದು ಇರುತ್ತದೆ. ವಿಲಿಯಂ ಚಾನಿಂಗ್ ಮತ್ತು ಮೋಸೆಸ್ ಫಾರ್ಮರ್ ಎಂಬಿಬ್ಬರು ರೂಪಿಸಿದ ಬೆಂಕಿ ಸೂಚನೆಯ ಟೆಲಿಗ್ರಾಫ್ ಜಾಲ 1852ರಲ್ಲಿ ಬಾಸ್ಟನ್ನಿನಲ್ಲಿ ಮೊದಲು ಬಳಕೆಗೆ ಬಂತು. ಬೀದಿಯ ಕೆಂಪು ಪೆಟ್ಟಿಗೆಯ ಹಿಡಿಯನ್ನು ತಿರುಗಿಸಿದರೆ ಆ ಪೆಟ್ಟಿಗೆಯ ಸಂಖ್ಯೆಯಷ್ಟು ಬಾರಿ ಗಂಟೆ ಬಡಿಯುವ ಈ ವಿಧಾನ ದೊಡ್ಡ ಕ್ಯಾಂಪಸ್‌ಗಳಿಗೂ ಹಬ್ಬಿತು. ವಾಚ್ ರೂಮಿನಲ್ಲಿ ಕುಳಿತವನು ಗಂಟೆ ಎಣಿಸಿ, ಗೋಡೆಯ ನಕ್ಷೆ ನೋಡಿ, ದಿನಚರಿಯಲ್ಲಿ ಹೊತ್ತು ಬರೆದು, ತಂಡವನ್ನು ಕಳಿಸಬೇಕು. ಆ ದಿನಚರಿ ಪುಸ್ತಕಗಳ ಬೆಲೆಯನ್ನು ಬಹಳ ಮಂದಿ ಅರಿತಿಲ್ಲ. ಯಾವ ಹಾಸ್ಟೆಲಿನ ಯಾವ ಕೋಣೆಯಲ್ಲಿ ಯಾವ ಕಾರಣಕ್ಕೆ ಬೆಂಕಿ ಹೊತ್ತಿತು, ಯಾವ ಪ್ರಯೋಗಾಲಯದಿಂದ ಪದೇ ಪದೇ ಕರೆ ಬಂತು, ನೀರು ಎಲ್ಲಿಂದ ತಂದರು, ಎಷ್ಟು ಹೊತ್ತಿಗೆ ಮರಳಿದರು ಎಂಬ ವಿವರಗಳು ಬೇರೆಲ್ಲೂ ಸಿಗುವುದಿಲ್ಲ. ಸಿಂಡಿಕೇಟ್ ಸಭೆಯ ನಡಾವಳಿಗಳನ್ನು ಜೋಪಾನವಾಗಿ ಹೊಲಿದು ಇಡುವ ಸಂಸ್ಥೆಗಳು ಇವನ್ನು ರದ್ದಿಗೆ ಹಾಕಿದ್ದನ್ನು ಕೇಳಿದಾಗ ಬಹಳ ನೋವಾಗುತ್ತದೆ.

ಕ್ಯಾಂಪಸ್ ಠಾಣೆಗಿರುವ ಇನ್ನೊಂದು ವಿಶೇಷ ನಗರದ ಠಾಣೆಗೆ ಇಲ್ಲ. ಅಲ್ಲಿ ವಿದ್ಯಾರ್ಥಿಗಳೇ ಅಗ್ನಿಶಾಮಕರಾದ ಉದಾಹರಣೆಗಳಿವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನಲ್ಲಿ ಆಯ್ದ ವಿದ್ಯಾರ್ಥಿಗಳು ಠಾಣೆಯಲ್ಲೇ ವಾಸವಿದ್ದು, ತರಬೇತಿ ಪಡೆದು, ವೃತ್ತಿಪರ ಸಿಬ್ಬಂದಿಯ ಜೊತೆ ಎಂಜಿನ್ ಏರಿ ಹೋಗುವ ವ್ಯವಸ್ಥೆ ದಶಕಗಳಿಂದ ನಡೆದು ಬಂದಿದೆ. ಹಗಲು ತರಗತಿ, ರಾತ್ರಿ ಪಾಳಿ. ಪದವಿಯ ಜೊತೆಗೆ ಇಂಥದ್ದೊಂದು ಹೊಣೆಗಾರಿಕೆಯನ್ನು ಹೊತ್ತು ಬೆಳೆದ ಯುವಕ ಯುವತಿಯರ ಬಗ್ಗೆ ಯಾವ ವಿಶ್ವವಿದ್ಯಾಲಯವಾದರೂ ಹೆಮ್ಮೆಪಡಬೇಕು. ಅವರು ಮಲಗಿದ ಕೋಣೆ, ಬಟ್ಟೆ ನೇತುಹಾಕಿದ ಗೂಟ, ಪಾಳಿಯ ಹಲಗೆ ಇವುಗಳನ್ನು ಖ್ಯಾತ ವಿಜ್ಞಾನಿಯ ಮೇಜಿನಷ್ಟೇ ಗೌರವದಿಂದ ಕಾಣುವುದರಲ್ಲಿ ತಪ್ಪೇನಿದೆ?

ಉಳಿಸಿಕೊಂಡವರ ಮಾದರಿಯೂ ಕಣ್ಣ ಮುಂದಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅಗ್ನಿಶಾಮಕ ಹೊಣೆಯನ್ನು 1976ರಲ್ಲಿ ನೆರೆಯ ಪಾಲೊ ಆಲ್ಟೊ ನಗರದ ಇಲಾಖೆಗೆ ವಹಿಸಲಾಯಿತು. ಆವರಣದ ನಡುವಿದ್ದ ಹಳೆಯ ಠಾಣೆಯನ್ನು ಅವರು ಕೆಡವಲಿಲ್ಲ. ಅದು ವಿದ್ಯಾರ್ಥಿ ಕೇಂದ್ರಗಳಿಗೆ ನೆಲೆಯಾಯಿತು, ಫೈರ್ ಟ್ರಕ್ ಹೌಸ್ ಎಂಬ ಹೆಸರನ್ನೂ ಉಳಿಸಿಕೊಂಡಿತು. ಹೆಸರು ಉಳಿಸಿಕೊಳ್ಳುವುದು ಸಣ್ಣ ಸಂಗತಿ ಎನಿಸಬಹುದು, ಆದರೆ ದಾನಿಗಳ ಹೆಸರಿಗೆ ಪ್ರತಿ ಗೋಡೆಯನ್ನೂ ಬರೆದುಕೊಡುವ ಈ ಕಾಲದಲ್ಲಿ ಅದು ಸಣ್ಣದಲ್ಲ ಎಂದು ನಾನು ಭಾವಿಸುತ್ತೇನೆ.

ಸ್ಕಾಟ್ಲೆಂಡಿನ ಎಡಿನ್‌ಬರೋ ಉದಾಹರಣೆ ಇನ್ನೂ ಮಹತ್ವದ್ದು. 1824ರಲ್ಲಿ ಜೇಮ್ಸ್ ಬ್ರೇಡ್‌ವುಡ್ ಎಂಬ ತರುಣನ ನಾಯಕತ್ವದಲ್ಲಿ ನಗರಾಡಳಿತದ ಅಗ್ನಿಶಾಮಕ ದಳವೊಂದು ಆರಂಭವಾದದ್ದು ಆ ಊರಿನಲ್ಲಿ. ಹೊರಗೆ ನಿಂತು ನೀರು ಎರಚುವ ಬದಲು ಒಳಹೊಕ್ಕು ಬೆಂಕಿಯ ಬುಡಕ್ಕೇ ನೀರು ಹಾಯಿಸಬೇಕು ಎಂದು ಕಲಿಸಿದವರು ಅವರು. ಮುಂದೆ ಲಂಡನ್ನಿನ ದಳವನ್ನು ಮುನ್ನಡೆಸುತ್ತಾ 1861ರಲ್ಲಿ ಟೂಲಿ ಸ್ಟ್ರೀಟ್ ಬೆಂಕಿಯಲ್ಲಿ ಗೋಡೆ ಕುಸಿದು ಅಸುನೀಗಿದರು. ಅದೇ ಎಡಿನ್‌ಬರೋದ ಲಾರಿಸ್ಟನ್ ಪ್ಲೇಸ್‌ನಲ್ಲಿ, ನಗರದ ವಾಸ್ತುಶಿಲ್ಪಿ ರಾಬರ್ಟ್ ಮೊರಮ್ ಅವರ ವಿನ್ಯಾಸದಂತೆ, 1900ರ ಸುಮಾರಿಗೆ ಕೇಂದ್ರ ಠಾಣೆ ತಲೆಯೆತ್ತಿತು. ಬಹುಕಾಲ ಅಗ್ನಿಶಾಮಕ ವಸ್ತುಸಂಗ್ರಹಾಲಯವೂ ಅಲ್ಲೇ ಇತ್ತು. ಇಂದು ಆ ಕಟ್ಟಡ ಎಡಿನ್‌ಬರೋ ವಿಶ್ವವಿದ್ಯಾಲಯದ್ದು. ಪಕ್ಕದಲ್ಲೇ ಇರುವ, 2011ರಲ್ಲಿ ವಿಶ್ವವಿದ್ಯಾಲಯದೊಂದಿಗೆ ವಿಲೀನವಾದ ಕಲಾ ಕಾಲೇಜಿನ ಭಾಗವಾಗಿ ಅದು ಬಳಕೆಯಲ್ಲಿದೆ. ಸಂಗ್ರಹಾಲಯದ ಎಂಜಿನ್‌ಗಳು ನಗರದ ಇನ್ನೊಂದು ಠಾಣೆಗೆ ಹೋದವು. ವಸ್ತುಗಳೂ ಕಟ್ಟಡವೂ ಬೇರೆಬೇರೆಯಾದುದು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಆದರೂ ಎರಡೂ ಉಳಿದಿವೆಯಲ್ಲ ಎಂಬುದು ಸಮಾಧಾನ. ಎಂಜಿನ್ ನಿಲ್ಲುತ್ತಿದ್ದಂಥ ಎತ್ತರದ, ಕಂಬಗಳ ಅಡ್ಡಿಯಿಲ್ಲದ, ಬೀದಿಗೆ ತೆರೆದುಕೊಳ್ಳುವ ಅಂಗಳ ಕಲಾಶಾಲೆಗೆ, ರಂಗಶಾಲೆಗೆ, ಪ್ರದರ್ಶನಕ್ಕೆ ಎಷ್ಟು ಹೊಂದುತ್ತದೆ ಎಂಬುದನ್ನು ಬೇರೆಯವರೂ ಗಮನಿಸಬೇಕು.

ಇಲ್ಲಿ ನನ್ನ ವೃತ್ತಿಬಾಂಧವರಲ್ಲಿ ಕೆಲವರಿಗೆ ಹಿಡಿಸದ ಒಂದು ಮಾತನ್ನು ಹೇಳಲೇಬೇಕು. ಹಳೆಯ ಠಾಣೆಯನ್ನು ಉಳಿಸುವುದೆಂದರೆ ಇಂದಿನ ಸಿಬ್ಬಂದಿಯನ್ನು ಅದರಲ್ಲೇ ಇರಿಸಿಕೊಳ್ಳುವುದು ಎಂದಲ್ಲ. ಕುದುರೆ ಬಂಡಿಯ ಅಳತೆಗೆ ಕಟ್ಟಿದ ಬಾಗಿಲಿನಲ್ಲಿ ಇಂದಿನ ವಾಟರ್ ಟೆಂಡರ್ ಕನ್ನಡಿ ಮಡಚಿಕೊಂಡು ನುಸುಳಬೇಕಾಗುತ್ತದೆ. ನೆಲಮಾಳಿಗೆಯ ಮೇಲಿನ ಹಳೆಯ ನೆಲ ಟನ್ನುಗಟ್ಟಲೆ ನೀರು ಹೊತ್ತ ವಾಹನದ ಭಾರವನ್ನು ತಾಳುವುದು ಅನುಮಾನ. ಅದಕ್ಕಿಂತ ಗಂಭೀರವಾದದ್ದು ಆರೋಗ್ಯದ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಡೀಸೆಲ್ ಹೊಗೆಯನ್ನು 2012ರಲ್ಲಿ, ಅಗ್ನಿಶಾಮಕ ವೃತ್ತಿಯನ್ನೇ 2022ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿದೆ. ಎಂಜಿನ್ ನಿಂತ ಅಂಗಳದ ಮೇಲೆಯೇ ಮಲಗುವುದು, ಮಸಿ ಹಿಡಿದ ಉಡುಪನ್ನು ಊಟದ ಮೇಜಿನ ಪಕ್ಕ ನೇತುಹಾಕುವುದು ನಮ್ಮ ಕಾಲಕ್ಕೆ ಸಹಜವಾಗಿತ್ತು, ಅದರ ಬೆಲೆಯನ್ನು ನನ್ನ ಜೊತೆಗಾರರು ತೆತ್ತಿದ್ದಾರೆ. ಹೊಗೆ ಹೀರುವ ವ್ಯವಸ್ಥೆ, ಉಡುಪು ತೊಳೆಯುವ ಪ್ರತ್ಯೇಕ ಕೋಣೆ, ಸ್ವಚ್ಛ ವಲಯ ಮತ್ತು ಕಲುಷಿತ ವಲಯಗಳ ವಿಂಗಡಣೆ ಇರುವ ಹೊಸ ಠಾಣೆ ಇಂದಿನ ಹುಡುಗ ಹುಡುಗಿಯರಿಗೆ ಸಿಗಲೇಬೇಕು. ಪರಂಪರೆಯ ಹೆಸರಿನಲ್ಲಿ ಅದನ್ನು ತಡೆಯುವವರ ಜೊತೆ ನಾನಿಲ್ಲ.

ಹಾಗಾದರೆ ಖಾಲಿಯಾದ ಹಳೆಯ ಠಾಣೆಗೆ ಬೀಗ ಹಾಕಿ ಕೂರುವುದೇ? ಅದಂತೂ ಕೂಡದು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಲಂಡನ್ ರೋಡ್ ಠಾಣೆ ವಿಶ್ವವಿದ್ಯಾಲಯದ್ದಲ್ಲವಾದರೂ ಪಾಠಕ್ಕೆ ಸಾಕು: 1906ರಲ್ಲಿ ತೆರೆದ ಆ ಭವ್ಯ ಕಟ್ಟಡ 1986ರಲ್ಲಿ ಮುಚ್ಚಿದ ಮೇಲೆ ದಶಕಗಳ ಕಾಲ ಪಾಳುಬಿದ್ದು, ಅಪಾಯದಲ್ಲಿರುವ ಕಟ್ಟಡಗಳ ಪಟ್ಟಿ ಸೇರಿತ್ತು. ಖಾಲಿ ಬಿದ್ದ ಕಟ್ಟಡದಲ್ಲಿ ಮೊದಲು ಛಾವಣಿ ಸೋರುತ್ತದೆ, ಆಮೇಲೆ ತಾಮ್ರ, ಹಿತ್ತಾಳೆ ಕಳುವಾಗುತ್ತದೆ, ಕೊನೆಗೆ ದುರಸ್ತಿಯ ಖರ್ಚು ಹೊಸದಾಗಿ ಕಟ್ಟುವ ಖರ್ಚನ್ನು ಮೀರಿತು ಎಂಬ ವರದಿ ಬರುತ್ತದೆ. ಸಿಬ್ಬಂದಿ ಹೊಸ ಠಾಣೆಗೆ ಹೋಗುವ ಮೊದಲೇ ಹಳೆಯದರ ಮುಂದಿನ ಬಳಕೆ ಏನೆಂದು ತೀರ್ಮಾನವಾಗಿರಬೇಕು.

ಬಳಕೆ ಬದಲಾಯಿಸುವಾಗ ವಾಸ್ತುಶಿಲ್ಪಿಗಳು ಮಾಡುವ ಕೆಲವು ಕೆಲಸಗಳ ಬಗ್ಗೆಯೂ ನನಗೆ ತಕರಾರಿದೆ. ಎತ್ತರದ ಎಂಜಿನ್ ಅಂಗಳವನ್ನು ನೋಡಿದೊಡನೆ ನಡುವೆ ಒಂದು ಅಂತಸ್ತು ಸೇರಿಸಿ ಹೆಚ್ಚು ಕೋಣೆ ಮಾಡಿಕೊಳ್ಳುವ ಆಸೆ ಹುಟ್ಟುತ್ತದೆ. ಆ ಎತ್ತರವೇ ಠಾಣೆಯ ಜೀವ, ಅದನ್ನು ಮುಟ್ಟಬಾರದು. ಬಾಗಿಲುಗಳನ್ನು ಕಿತ್ತು ನೆಲದಿಂದ ಕಮಾನಿನವರೆಗೆ ಗಾಜು ಹಾಕಿಸುತ್ತಾರೆ. ಗಾಜು ಬೇಕಾದರೆ ಒಳಗಡೆ ಬರಲಿ, ಹಳೆಯ ಬಾಗಿಲುಗಳು ತಮ್ಮ ಕೀಲುಗಳ ಮೇಲೆಯೇ ನಿಲ್ಲಲಿ. ಗೋಪುರವನ್ನು ಲಿಫ್ಟಿಗಾಗಿ ಬಳಸಿಕೊಳ್ಳುವ ಪ್ರಸ್ತಾವಗಳು ಬರುವುದುಂಟು. ಗಾಲಿಕುರ್ಚಿಯವರು ಮೇಲಿನ ಅಂತಸ್ತಿಗೆ ಹೋಗಲು ಬೇರೆ ದಾರಿಯೇ ಇಲ್ಲದಿದ್ದರೆ ನಾನು ಅದಕ್ಕೂ ಒಪ್ಪುತ್ತೇನೆ, ರಾಟೆ ಮತ್ತು ಕೊಕ್ಕೆಗಳನ್ನು ತುದಿಯಲ್ಲಿ ಹಾಗೇ ಬಿಡುವುದಾದರೆ. ಕಂಬ ಇಳಿದು ಬಂದ ರಂಧ್ರವನ್ನು ಸಿಮೆಂಟಿನಿಂದ ತುಂಬುವ ಬದಲು ದಪ್ಪ ಗಾಜು ಮುಚ್ಚಿದರೆ ಸುರಕ್ಷತೆಗೂ ಭಂಗವಿಲ್ಲ, ನೋಡಿದ ಮಗುವಿಗೂ ಕಥೆ ತಿಳಿಯುತ್ತದೆ.

ಇಷ್ಟೆಲ್ಲ ಏಕೆ, ಹಳೆಯ ಕಾಲದ ಬೆಂಕಿಗಳು ಹಳೆಯ ಕಾಲಕ್ಕೇ ಮುಗಿದವಲ್ಲ ಎನ್ನುವವರು ಬ್ರೆಜಿಲ್ ದೇಶದ ರಾಷ್ಟ್ರೀಯ ವಸ್ತುಸಂಗ್ರಹಾಲಯವನ್ನು ನೆನೆಯಬೇಕು. ಅದು ರಿಯೊ ಡಿ ಜನೈರೊದ ಫೆಡರಲ್ ವಿಶ್ವವಿದ್ಯಾಲಯಕ್ಕೆ ಸೇರಿದ ಸಂಸ್ಥೆ. 1818ರಲ್ಲಿ ಸ್ಥಾಪನೆಯಾದ ಅದು ತನ್ನ 200ನೇ ವರ್ಷದಲ್ಲೇ, 2018ರ ಸೆಪ್ಟೆಂಬರ್ 2ರ ರಾತ್ರಿ ಉರಿದುಹೋಯಿತು. ಸುಮಾರು 2 ಕೋಟಿ ವಸ್ತುಗಳಿದ್ದ ಸಂಗ್ರಹದ ಬಹುಪಾಲು ನಾಶವಾಯಿತು. ಅಗ್ನಿಶಾಮಕರು ಬಂದಾಗ ಹತ್ತಿರದ ಎರಡು ಹೈಡ್ರಂಟ್‌ಗಳಲ್ಲಿ ನೀರಿರಲಿಲ್ಲ. ಟ್ಯಾಂಕರ್ ತರಿಸಿಕೊಂಡು, ಕೆರೆಯಿಂದ ನೀರೆತ್ತಿಕೊಂಡು ಕೆಲಸ ಆರಂಭಿಸಬೇಕಾಯಿತು. 1895ರ ವರ್ಜೀನಿಯಾಕ್ಕೂ ಇದಕ್ಕೂ ನಡುವೆ 120 ವರ್ಷಕ್ಕೂ ಹೆಚ್ಚು ಅಂತರ, ಕೈಕೊಟ್ಟದ್ದು ಎರಡು ಕಡೆಯೂ ನೀರೇ. ಇನ್ನೊಂದೆಡೆ 2021ರ ಏಪ್ರಿಲ್‌ನಲ್ಲಿ ಟೇಬಲ್ ಮೌಂಟನ್ ಇಳಿಜಾರಿನ ಕಾಳ್ಗಿಚ್ಚು ಕೇಪ್ ಟೌನ್ ವಿಶ್ವವಿದ್ಯಾಲಯದ ಜ್ಯಾಗರ್ ಗ್ರಂಥಾಲಯಕ್ಕೆ ತಗುಲಿದಾಗ ವಾಚನಾಲಯ ಸುಟ್ಟುಹೋದರೂ, ಬೆಂಕಿ ತಡೆಯುವ ಬಾಗಿಲುಗಳು ಸಕಾಲಕ್ಕೆ ಮುಚ್ಚಿಕೊಂಡದ್ದರಿಂದ ನೆಲಮಾಳಿಗೆಯ ಸಂಗ್ರಹಕ್ಕೆ ಜ್ವಾಲೆ ಮುಟ್ಟಲಿಲ್ಲ. ಒದ್ದೆಯಾದ ಪುಸ್ತಕ, ಕಾಗದಗಳನ್ನು ಸ್ವಯಂಸೇವಕರು ಪೆಟ್ಟಿಗೆ ಪೆಟ್ಟಿಗೆಯಾಗಿ ಹೊರತಂದರು.

ಹಳೆಯ ಠಾಣೆಗೆ ನಾನು ಕಾಣುವ ಅತ್ಯುತ್ತಮ ಬಳಕೆಯೂ ಇಲ್ಲಿಂದಲೇ ಹುಟ್ಟುತ್ತದೆ. ಪ್ರತಿ ವರ್ಷ ಸಾವಿರಾರು ಹೊಸ ವಿದ್ಯಾರ್ಥಿಗಳು ಕ್ಯಾಂಪಸ್ಸಿಗೆ ಬರುತ್ತಾರೆ. ಗ್ರಂಥಾಲಯ ತೋರಿಸುತ್ತೇವೆ, ಕ್ರೀಡಾಂಗಣ ತೋರಿಸುತ್ತೇವೆ. ಅದೇ ಸುತ್ತಿನಲ್ಲಿ ಅರ್ಧ ಗಂಟೆ ಹಳೆಯ ಠಾಣೆಯಲ್ಲಿ ನಿಲ್ಲಿಸಿ, ಬೆಂಕಿ ಆರಿಸುವ ನಂದಕವನ್ನು ಹೇಗೆ ಹಿಡಿಯಬೇಕು, ಯಾವ ಬೆಂಕಿಗೆ ನೀರು ಹಾಕಬಾರದು, ಹೊಗೆ ತುಂಬಿದ ಕಾರಿಡಾರಿನಲ್ಲಿ ಏಕೆ ಬಗ್ಗಿ ನಡೆಯಬೇಕು, ತಾನಾಗಿ ಮುಚ್ಚಿಕೊಳ್ಳುವ ಬಾಗಿಲಿಗೆ ಕುರ್ಚಿ ಅಡ್ಡ ಇಡುವುದರಿಂದ ಏನಾಗುತ್ತದೆ ಎಂದು ಹೇಳಿಕೊಡಬಹುದು. ಗ್ರಂಥಪಾಲಕರಿಗೆ, ಪ್ರಯೋಗಾಲಯದ ಸಹಾಯಕರಿಗೆ, ಹಾಸ್ಟೆಲ್ ವಾರ್ಡನ್‌ಗಳಿಗೆ ಅಲ್ಲೇ ತರಬೇತಿ ಕೊಡಬಹುದು. ಯಾವ ಕಪಾಟಿನ ಯಾವ ಪುಸ್ತಕಗಳನ್ನು ಮೊದಲು ಹೊರತರಬೇಕು ಎಂಬ ಪಟ್ಟಿಯನ್ನು ಅಗ್ನಿಶಾಮಕರ ಜೊತೆ ಕುಳಿತು ಅಲ್ಲೇ ಸಿದ್ಧಪಡಿಸಬಹುದು. ಕ್ಯಾಂಪಸ್ಸಿನ ಹೈಡ್ರಂಟ್‌ಗಳನ್ನೆಲ್ಲ ತೆರೆದು ಒತ್ತಡ ಅಳೆಯುವ ಕೆಲಸ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಒಳ್ಳೆಯ ಪಾಠ. ಅದರ ಫಲಿತಾಂಶವನ್ನು ಠಾಣೆಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ತೂಗುಹಾಕಲಿ.

ಕೊನೆಯದಾಗಿ ತುರ್ತಿನ ಒಂದು ಕೋರಿಕೆ. ಕಟ್ಟಡದ ವಿಷಯ ಸಮಿತಿಗಳಲ್ಲಿ ಚರ್ಚೆಯಾಗಿ ತೀರ್ಮಾನವಾಗಲು ವರ್ಷಗಳೇ ಬೇಕಾಗಬಹುದು. ದಿನಚರಿ ಪುಸ್ತಕ, ಹೈಡ್ರಂಟ್ ನಕ್ಷೆ, ಪಾಳಿಯ ಪಟ್ಟಿ, ಹಳೆಯ ಫೋಟೊಗಳನ್ನು ವಿಶ್ವವಿದ್ಯಾಲಯದ ದಾಖಲೆ ಸಂಗ್ರಹಕ್ಕೆ ಸಾಗಿಸಲು ಅಷ್ಟು ಕಾಯಬೇಕಿಲ್ಲ. ಒಬ್ಬ ಕುಲಸಚಿವರ ಒಂದು ಸುತ್ತೋಲೆ ಸಾಕು. ಆ ಠಾಣೆಗಳಲ್ಲಿ ದುಡಿದವರು ಈಗ ವೃದ್ಧರು. ಯಾವ ಕೊಕ್ಕೆ ಯಾವುದಕ್ಕೆ, ಗೋಡೆಯ ಮೇಲಿನ ಅಂಕಿಗಳ ಅರ್ಥವೇನು, ಯಾವ ರಾತ್ರಿ ಯಾವ ಕಟ್ಟಡ ಕೂದಲೆಳೆಯಲ್ಲಿ ಉಳಿಯಿತು ಎಂಬುದು ಅವರಿಗಷ್ಟೇ ಗೊತ್ತು. ಇತಿಹಾಸ ವಿಭಾಗದ ವಿದ್ಯಾರ್ಥಿಗಳು ಮೊಬೈಲ್ ಹಿಡಿದು ಅವರನ್ನು ಠಾಣೆಯೊಳಗೆ ನಡೆಸಿಕೊಂಡು ಹೋಗಿ, ಕೈತೋರಿಸಿ ಹೇಳಿದ್ದನ್ನೆಲ್ಲ ದಾಖಲಿಸಿಕೊಳ್ಳಲಿ. ಈ ವರ್ಷವೇ ಆ ಕೆಲಸ ಆರಂಭವಾಗಲಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಅಗ್ನಿಶಾಮಕ